ಉಕಾಜಿನ ಚರ್ಮದ ಗುಡಾರ

2018ರ ಈದ್ ಹಬ್ಬದ ದಿನಗಳಲ್ಲಿ ರಿಯಾದ್ ನಗರದಲ್ಲಿ ರಷ್ಯನ್ ಸರ್ಕಸ್ಸೊಂದು ನಡೆದು, ಅದರ ಸ್ತ್ರೀಯರ ಉಡುಪಿನ ವಿಷಯವಾಗಿ ಕೋಲಾಹಲವೆದ್ದು, ಜೂನ್ 18ರಂದು ಸೌದಿ ಮನರಂಜನಾ ಪ್ರಾಧಿಕಾರದ ಅಧ್ಯಕ್ಷ ಅಹ್ಮದ್ ಅಲ್ ಖತೀಬರು ರಾಜಾಜ್ಞೆಯಿಂದ ಪದಚ್ಯುತರಾದ ವಾರ್ತೆಯನ್ನು ಓದಿದವರು, ಗುಡಾರದ ಆಟವೂ ಅದ್ಭುತದ ಕಥೆಯೂ ಪ್ರಣಯದ ಪ್ರಸಂಗವೂ ಆ ಮರಳುನಾಡಿಗೆ ಹೊರಗಿನಿಂದ ಬಂದ ವಸ್ತುಗಳೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆ ನಾಡಿನ ಪ್ರಾಚೀನ ವೃತ್ತಾಂತವು ಮಾತ್ರ ಬೇರೆಯ ಸಾಕ್ಷ್ಯವನ್ನೇ ನುಡಿಯುತ್ತದೆ.

ತಾಯಿಫಿನ ಸಮೀಪದಲ್ಲಿರುವ ಉಕಾಜ್ ಎಂಬ ಬಯಲಿನಲ್ಲಿ, ಇಸ್ಲಾಮಿನ ಉದಯಕ್ಕೆ ಪೂರ್ವದಲ್ಲಿ, ಕಾಳಗ ನಿಷಿದ್ಧವಾಗಿದ್ದ ದುಲ್ ಕಅದ ಮಾಸದಲ್ಲಿ ವರ್ಷಕ್ಕೊಮ್ಮೆ ಮಹಾಸಂತೆ ಕೂಡುತ್ತಿತ್ತು. ಚರ್ಮವನ್ನೂ ಸುಗಂಧದ್ರವ್ಯಗಳನ್ನೂ ಹೇರಿಕೊಂಡ ಒಂಟೆಗಳ ಸಾಲು, ಸೆರೆಯಾಳುಗಳನ್ನು ಬಿಡಿಸಿಕೊಳ್ಳಲು ಹಣ ತಂದ ಬಂಧುಗಳು, ಹಳೆಯ ವೈರಗಳಿಗೆ ನ್ಯಾಯ ಬೇಡುವ ಕುಲಮುಖ್ಯರು, ಇವರೆಲ್ಲರ ನಡುವೆ ತಮ್ಮ ತಮ್ಮ ಕುಲದ ಕೀರ್ತಿಯನ್ನು ಹಾಡುವ ಕವಿಗಳು; ನಮ್ಮ ದೊಡ್ಡ ಜಾತ್ರೆಗಳಂತೆಯೇ ಅಲ್ಲಿಯೂ ವ್ಯಾಪಾರವೆಲ್ಲಿ ಮುಗಿದು ವಿನೋದವೆಲ್ಲಿ ಮೊದಲಾಗುವುದೆಂದು ಹೇಳುವುದು ಕಷ್ಟವಾಗಿದ್ದಿರಬೇಕು. ನಾಬಿಘಾ ಎಂಬ ಹಿರಿಯ ಕವಿಗೆ ಅಲ್ಲಿ ಕೆಂಪು ಚರ್ಮದ ಗುಡಾರವನ್ನು ಎತ್ತಿ ನಿಲ್ಲಿಸುತ್ತಿದ್ದರೆಂದೂ, ಉಳಿದ ಕವಿಗಳು ಅವನೆದುರು ಬಂದು ಕವಿತೆಗಳನ್ನು ಒಪ್ಪಿಸಿ ತೀರ್ಪನ್ನು ಪಡೆಯುತ್ತಿದ್ದರೆಂದೂ, ಮಡಿದ ಸೋದರನಿಗಾಗಿ ಶೋಕಗೀತೆಗಳನ್ನು ರಚಿಸಿದ ಖನ್ಸಾ ಎಂಬ ಸ್ತ್ರೀಯೂ ಹಾಗೆ ಒಪ್ಪಿಸಿದಳೆಂದೂ ಅರಬ್ಬೀ ಸಾಹಿತ್ಯಪರಂಪರೆ ಹೇಳುತ್ತದೆ. ಪ್ರತಿಯೊಬ್ಬ ಕವಿಗೂ ಕಾಣದ ಜಿನ್ನೊಂದು ಜೊತೆಗಿದ್ದು ನುಡಿಗಳನ್ನು ಕಿವಿಯಲ್ಲಿ ಉಸುರುವುದೆಂದು ನಂಬಿದ್ದ ಕಾಲವದು. ಆದುದರಿಂದ ಆ ಗುಡಾರದ ಸುತ್ತ ನೆರೆದವರಿಗೆ ಕವಿತೆಯೇ ಒಂದು ಮಾಯಾಪ್ರದರ್ಶನವಾಗಿತ್ತೆಂದರೆ ಅತಿಶಯೋಕ್ತಿಯಾಗದು. ನಿಷೇಧದ ಮಾಸದಲ್ಲಿಯೂ ಕತ್ತಿ ಹಿರಿದದ್ದುಂಟು, ಫಿಜಾರ್ ಎಂಬ ಯುದ್ಧಗಳಿಗೆ ಕಾರಣವಾದ ಕಲಹಗಳು ಈ ಸಂತೆಯ ಸುತ್ತಲೇ ಹುಟ್ಟಿದವು. ಕಡೆಗೆ ಹಿಜರಿ 129ರಲ್ಲಿ ಖಾರಿಜಿಗಳೆಂಬ ಬಂಡಾಯದ ಪಂಥದವರ ಲೂಟಿಗೆ ಸಿಕ್ಕಿ ಉಕಾಜ್ ನಿಂತುಹೋಯಿತು.

ಪ್ರಣಯಕಥೆಗಳಿಗೂ ಆ ನೆಲವೇ ತೌರು. ಅಬಿಸೀನಿಯದ ದಾಸಿಯ ಮಗನಾದ ಅಂತರನು ಚಿಕ್ಕಪ್ಪನ ಮಗಳು ಅಬ್ಲಾಳಿಗಾಗಿ ಪಟ್ಟ ಪಾಡನ್ನು ಕಸೀಮ್ ಪ್ರಾಂತ್ಯದ ಜನರು ಇಂದಿಗೂ ಒಂದು ಬಂಡೆಯೊಡನೆ ನೆನೆಯುತ್ತಾರೆ. ಲೈಲಾ ಮಜ್ನೂನರ ಕಥೆಯ ಮಜ್ನೂನನಾದ ಕೈಸನ ಕುಲದವರು ಸಂಚರಿಸಿದ ಅಫ್ಲಾಜ್ ಸೀಮೆಯಲ್ಲಿ, ರಿಯಾದಿನ ದಕ್ಷಿಣಕ್ಕೆ, ಲೈಲಾ ಎಂಬ ಹೆಸರಿನ ಊರೇ ಇದೆ.

1980ರ ದಶಕದ ಆದಿಯಿಂದ ಸಿನೆಮಾ ಮಂದಿರಗಳು ಮುಚ್ಚಿದ್ದ ದೀರ್ಘಕಾಲದಲ್ಲಿಯೂ ಈ ಕಥಾಪ್ರವೃತ್ತಿ ಬತ್ತಲಿಲ್ಲ. ಇಬ್ರಾಹಿಂ ಅಬ್ಬಾಸರು ಬರೆದ 'ಹವ್ಜನ್' ಎಂಬ ಕಾದಂಬರಿ, ಜಿನ್ನೊಬ್ಬನಿಗೂ ಜಿದ್ದಾದ ವೈದ್ಯವಿದ್ಯಾರ್ಥಿನಿಯೊಬ್ಬಳಿಗೂ ನಡುವೆ ಮೂಡಿದ ಅನುರಾಗದ ಕಥೆಯಾಗಿ, ಅಪಾರ ಓದುಗರನ್ನು ಗಳಿಸಿತು. 2013ರ ಕೊನೆಯಲ್ಲಿ ಧಾರ್ಮಿಕ ಪೊಲೀಸರು ಅದನ್ನು ಅಂಗಡಿಗಳಿಂದ ತೆಗೆಯಿಸಿದರು. ಬಾಣಭಟ್ಟನ ಗಂಧರ್ವಕನ್ಯೆಯನ್ನು ನಾಗವರ್ಮನ ಚಂಪುವಿನಲ್ಲಿ ಕಂಡು ಮೆಚ್ಚಿದ ಕನ್ನಡಿಗನಿಗೆ ಇಂತಹ ಸಮ್ಮಿಶ್ರಪ್ರೇಮ ಹೊಸದೆನಿಸದು. ನಮ್ಮಲ್ಲಿ ಗಂಧರ್ವಕುಲದ ಜೀವ ಹೆಣ್ಣಾದರೆ ಅಲ್ಲಿ ಜಿನ್ನು ಗಂಡು, ಅಷ್ಟೇ. ಆ ಕೃತಿಯನ್ನಾಧರಿಸಿದ ಚಲನಚಿತ್ರದಿಂದಲೇ 2023ರಲ್ಲಿ ಜಿದ್ದಾದ ಕೆಂಪುಸಮುದ್ರ ಚಲನಚಿತ್ರೋತ್ಸವ ಪ್ರಾರಂಭವಾಯಿತೆಂಬುದು ಹತ್ತು ವರ್ಷಗಳಲ್ಲಿ ಗಾಳಿ ಎಷ್ಟು ತಿರುಗಿತೆಂಬುದಕ್ಕೆ ನಿದರ್ಶನ.

ಗಾಳಿ ತಿರುಗಲು ರಾಜಕಾರಣವೂ ಅರ್ಥಕಾರಣವೂ ಇದ್ದುವು. ತೈಲದ ಆದಾಯವೊಂದನ್ನೇ ನೆಚ್ಚಲಾಗದೆಂದು 2016ರಲ್ಲಿ ಪ್ರಕಟವಾದ 'ವಿಷನ್ 2030' ಯೋಜನೆಯು, ಪ್ರಜೆಗಳು ವಿನೋದಕ್ಕಾಗಿ ಹೊರದೇಶಗಳಲ್ಲಿ ಚೆಲ್ಲುತ್ತಿದ್ದ ಹಣವನ್ನು ಮನೆಯಲ್ಲಿಯೇ ಉಳಿಸಬಯಸಿತು. ಮನರಂಜನಾ ಪ್ರಾಧಿಕಾರ ಆ ವರ್ಷವೇ ಸ್ಥಾಪಿತವಾಯಿತು, 2018ರ ಏಪ್ರಿಲ್ 18ರಂದು ರಿಯಾದಿನಲ್ಲಿ ಸಿನೆಮಾ ಮತ್ತೆ ತೆರೆಯಿತು. ಉಕಾಜಿನ ಸಂತೆಯನ್ನು 2007ರಷ್ಟು ಮೊದಲೇ ಕಾವ್ಯೋತ್ಸವವಾಗಿ ಪುನರುಜ್ಜೀವಿಸಿದ್ದರೆಂಬುದನ್ನು ಈ ಹೊಸತನದ ಭೇರಿಯಲ್ಲಿ ಮರೆಯುವುದು ಸುಲಭ. ಸರ್ಕಸ್ಸಿನ ನಿಮಿತ್ತ ಅಧ್ಯಕ್ಷರು ಹೋದರೂ ಸರ್ಕಸ್ಸು ಹೋಗಲಿಲ್ಲ: ಮೂರೇ ತಿಂಗಳಲ್ಲಿ, ಸೆಪ್ಟೆಂಬರ್ 23ರ ರಾಷ್ಟ್ರೀಯ ದಿನದಂದು, ರಿಯಾದಿನ ಕ್ರೀಡಾಂಗಣದಲ್ಲಿ ಕೆನಡದ ಸರ್ಕ್ ದು ಸೊಲೇ ತಂಡ ಆಟವಾಡಿತು, ಅಲ್ ಖತೀಬರು 2020ರಲ್ಲಿ ಪ್ರವಾಸೋದ್ಯಮ ಸಚಿವರಾಗಿ, ಪರದೇಶದ ಜನರನ್ನು ಆ ನಾಡಿಗೆ ಆಹ್ವಾನಿಸುವ ಹೊಣೆಯನ್ನೇ ಹೊತ್ತರು.