ಬೈಲಿನ ಮನೆಗೆ ದಾರಿ ಯಾವುದು?

ಕುಂದಾಪುರದಿಂದ ಪೂರ್ವಕ್ಕೆ, ಘಟ್ಟದ ಬುಡದ ಕಡೆಗೆ ಹೋದಂತೆ ಊರನ್ನು ಬೆರಳು ಮಾಡಿ ತೋರಿಸುವುದು ಕಷ್ಟವಾಗುತ್ತದೆ. ಅಮಾಸೆಬೈಲು ಎಲ್ಲಿದೆ ಎಂದು ಹುಡುಕಿಕೊಂಡು ಹೋದರೆ ಒಂದು ಸಣ್ಣ ಪೇಟೆ ಸಿಗುತ್ತದೆ. ಕೆಲವು ಅಂಗಡಿ, ಶಾಲೆ, ಪಂಚಾಯಿತಿ ಕಚೇರಿ, ಬಸ್ಸು ನಿಲ್ಲುವ ಜಾಗ. ಆದರೆ ಊರಿನ ಹೆಚ್ಚಿನ ಜನ ಅಲ್ಲಿಲ್ಲ. ಅವರ ಮನೆಗಳು ಹಾಡಿಯ ಆಚೆ, ತೋಡಿನ ಆಚೆ, ಒಂದೊಂದು ಬೈಲಿನ ಅಂಚಿನಲ್ಲಿ ಒಂದೊಂದಾಗಿ ಚದುರಿವೆ. ಬಯಲುಸೀಮೆಯ ಊರಿನಂತೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಕೇರಿಗಳು ಇಲ್ಲಿಲ್ಲ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಇದು ಒಂದು ‘ಗ್ರಾಮ’. ನೆಲದ ಮೇಲೆ ನೋಡಿದರೆ ಹತ್ತಾರು ಬೈಲುಗಳು.

ಈ ಸಣ್ಣ ವ್ಯತ್ಯಾಸವನ್ನು ಅರ್ಥ ಮಾಡಿಕೊಳ್ಳದೆ ಈ ಭಾಗದ ರಸ್ತೆಯ ಚರಿತ್ರೆಯನ್ನು ಬರೆಯಲಾಗದು ಎಂಬುದು ನನ್ನ ಅನಿಸಿಕೆ. ರಸ್ತೆ ಮತ್ತು ನೆಲ, ಎರಡನ್ನೂ ಬೇರೆ ಬೇರೆ ಕಡತಗಳಲ್ಲಿ ಇಟ್ಟು ಯೋಜನೆ ಮಾಡುವ ನಮ್ಮ ಪದ್ಧತಿಗೆ ಇಲ್ಲಿ ಒಂದು ಒಳ್ಳೆಯ ಪರೀಕ್ಷೆಯಿದೆ.

ಮೊದಲು ನೆಲದ ವಿಚಾರ. ಕರಾವಳಿಯ ರೈತರು ಗದ್ದೆಯನ್ನು ನೀರಿನ ಪ್ರಕಾರ ಮೂರಾಗಿ ವಿಂಗಡಿಸಿದ್ದಾರೆ: ಬೈಲು, ಮಜಲು, ಬೆಟ್ಟು. ಎರಡು ಗುಡ್ಡಗಳ ನಡುವೆ ತಗ್ಗಿನಲ್ಲಿದ್ದು ಬೇಸಿಗೆಯವರೆಗೂ ತೇವ ಉಳಿಸಿಕೊಳ್ಳುವ ಗದ್ದೆ ಬೈಲು. ಅಲ್ಲಿ ಎರಡು ಬೆಳೆ ಖಂಡಿತ, ನೀರು ಒದಗಿದರೆ ಮೂರು. ಅದಕ್ಕಿಂತ ಮೇಲಿನದು ಮಜಲು. ಮಳೆಯನ್ನೇ ನೆಚ್ಚಿ ಒಂದು ಬೆಳೆ ಕೊಡುವುದು ಬೆಟ್ಟು. ಮನೆ ಕಟ್ಟುವುದು ಬೈಲಿನ ಅಂಚಿನ ದಿಬ್ಬದ ಮೇಲೆ. ಮನೆಯ ಹಿಂದೆ ಸೊಪ್ಪು, ಸೌದೆ, ದರಗು ತರಲು ಕಾಡು. ಸಾಗುವಳಿ ಜಮೀನಿನಿಂದ ನೂರು ಗಜದೊಳಗಿನ ಸರ್ಕಾರಿ ನೆಲದಲ್ಲಿ ವರ್ಗದಾರನಿಗಿದ್ದ ಈ ಸವಲತ್ತಿಗೆ ದಕ್ಷಿಣ ಕನ್ನಡದ ಕಂದಾಯ ಭಾಷೆಯಲ್ಲಿ ‘ಕುಮ್ಕಿ’ ಎಂದು ಹೆಸರು. ಅಂದರೆ ಗದ್ದೆ, ಮನೆ, ಕಾಡು ಸೇರಿಯೇ ಒಂದು ಬದುಕು. ಈ ಮೂರನ್ನು ಜೋಡಿಸುತ್ತಿದ್ದದ್ದು ಗದ್ದೆಯಂಚಿನ ಕಾಲುದಾರಿ ಮತ್ತು ತೋಡಿಗೆ ಅಡ್ಡಲಾಗಿ ಹಾಕಿದ ಸಂಕ. ಇಲ್ಲಿನ ನಿಜವಾದ ಮೂಲ ರಸ್ತೆ ಜಾಲ ಇದೇ.

ಆದರೆ ಚರಿತ್ರೆಯ ಪುಸ್ತಕಗಳಲ್ಲಿ ಈ ಜಾಲ ಕಾಣುವುದಿಲ್ಲ. ಅಲ್ಲಿ ಕಾಣುವುದು ಇನ್ನೊಂದು ದಾರಿ: ಬಂದರಿನಿಂದ ಘಟ್ಟಕ್ಕೆ ಹತ್ತುವ ದಾರಿ. ವಾರಾಹಿಯ ದಂಡೆಯ ಬಸರೂರು ಹೆಸರಾಂತ ಬಂದರು. ಇಲ್ಲಿನ ಅಕ್ಕಿಗಾಗಿ ಪೋರ್ಚುಗೀಸರು ಬಂದರು, 1569ರಲ್ಲಿ ಊರನ್ನು ಹಿಡಿದರು. 1640ರ ಸುಮಾರಿಗೆ ಕೆಳದಿ ಅರಸರ ರಾಜಧಾನಿ ಬಿದನೂರಿಗೆ ಬಂದ ಮೇಲೆ ಬಂದರು ಮತ್ತು ರಾಜಧಾನಿಯ ನಡುವಿನ ಘಾಟಿಗಳ ಬೆಲೆ ಹೆಚ್ಚಿತು. ಮೇಲಿನಿಂದ ಮೆಣಸು, ಅಡಿಕೆ ಇಳಿಯುತ್ತಿತ್ತು. ಕೆಳಗಿನಿಂದ ಉಪ್ಪು, ಒಣಮೀನು ಹತ್ತುತ್ತಿತ್ತು. ಹೇರೆತ್ತುಗಳ ಸಾಲು ಹೊಸಂಗಡಿಯಂಥ ಘಾಟಿಗಳಲ್ಲಿ ನಡೆಯುತ್ತಿತ್ತು. ಶಿವಪ್ಪನಾಯಕ 1650ರ ದಶಕದಲ್ಲಿ ಪೋರ್ಚುಗೀಸರನ್ನು ಈ ಬಂದರುಗಳಿಂದ ಹೊರಹಾಕಿದ. ಭೂಮಿಯ ಹುಟ್ಟುವಳಿ ನೋಡಿ ಕಂದಾಯ ನಿಗದಿ ಮಾಡಿದ ‘ಶಿಸ್ತು’ ಕೂಡ ಅವನದೇ. ನೆಲದ ಹುಟ್ಟುವಳಿ, ಘಾಟಿಯ ಸುಂಕ, ಬಂದರಿನ ವ್ಯಾಪಾರ ಮೂರೂ ಒಂದೇ ಬೊಕ್ಕಸದ ಲೆಕ್ಕವಾಗಿದ್ದ ಕಾಲ ಅದು. 1665ರಲ್ಲಿ ಶಿವಾಜಿ ಸಮುದ್ರ ಮಾರ್ಗವಾಗಿ ಬಂದು ಬಸರೂರನ್ನು ಸೂರೆ ಮಾಡಿದ್ದು ಆ ಬೊಕ್ಕಸದ ಖ್ಯಾತಿಯಿಂದಲೇ.

ಘಾಟಿಯ ದಾರಿ ಸರಕಿಗೆ ಮಾತ್ರ ಇರಲಿಲ್ಲ, ಸೈನ್ಯಕ್ಕೂ ಇತ್ತು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಪಡೆ ಕುಂದಾಪುರವನ್ನು ಹಿಡಿದು, ಹೊಸಂಗಡಿ ಘಾಟಿಯ ಕಾವಲುಗಳನ್ನು ದಾಟಿ ಬಿದನೂರಿಗೆ ಹತ್ತಿತು. ಅದೇ ವರ್ಷ ಟಿಪ್ಪು ಅದನ್ನು ಮರಳಿ ಪಡೆದ. ಈ ಎಲ್ಲ ಕಥೆಗಳಲ್ಲಿ ಘಟ್ಟದ ಬುಡದ ಹಳ್ಳಿಗಳು ಬರುವುದು ದಾಟಿಹೋದ ಜಾಗಗಳಾಗಿ. ದಾರಿ ಅವುಗಳ ಪಕ್ಕದಲ್ಲಿ ಹಾದುಹೋಯಿತು, ಅವುಗಳಿಗಾಗಿ ಬರಲಿಲ್ಲ.

1799ರ ನಂತರ ಆ ದಾರಿಯೂ ತುಂಡಾಯಿತು. ಘಟ್ಟದ ಕೆಳಗಿನ ಕೆನರಾ ಕಂಪನಿ ಸರ್ಕಾರಕ್ಕೆ ಹೋಯಿತು, ಮೇಲಿನ ನಗರ ಸೀಮೆ ಮೈಸೂರಿಗೆ. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಸೇರಿದಾಗ ಕುಂದಾಪುರ ತಾಲ್ಲೂಕು ಮದರಾಸಿನಲ್ಲೇ ಉಳಿಯಿತು. ಹೀಗೆ ಕುಂದಾಪುರ ತಾಲ್ಲೂಕಿನ ಉತ್ತರಕ್ಕೆ ಒಂದು ಸರ್ಕಾರ, ಪೂರ್ವಕ್ಕೆ ಇನ್ನೊಂದು. ಮದರಾಸು ಪ್ರಾಂತ್ಯದಲ್ಲಿ 1871ರಿಂದ ಸ್ಥಳೀಯ ನಿಧಿ ಮಂಡಳಿಗಳೂ, 1884ರ ಕಾಯ್ದೆಯ ಬಳಿಕ ಜಿಲ್ಲಾ ಮತ್ತು ತಾಲ್ಲೂಕು ಬೋರ್ಡುಗಳೂ ರಸ್ತೆಯ ಹೊಣೆ ಹೊತ್ತವು. ಆದರೆ ಬೋರ್ಡಿನ ಹೊಣೆ ತನ್ನ ಗಡಿಯವರೆಗೆ. ಘಟ್ಟದ ನೆತ್ತಿಯಾಚೆ ಬೇರೆ ಸಂಸ್ಥಾನ. ಬಂದರಿನಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಎಂದು ಒಟ್ಟಾಗಿ ಯೋಚಿಸುವ ಒಂದು ಕಚೇರಿ 1956ರ ನವೆಂಬರ್ 1ರವರೆಗೆ, ಎಂದರೆ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರುವವರೆಗೆ, ಇರಲಿಲ್ಲ.

ಇದೇ ಕಾಲದಲ್ಲಿ ಕಾಡಿನ ದಾರಿಗಳ ಮೇಲೂ ಕಾನೂನು ಬಂತು. ಕುಡುಬಿಯರು ಮುಂತಾದವರು ನಡೆಸುತ್ತಿದ್ದ ಕುಮರಿ ಬೇಸಾಯಕ್ಕೆ 1860ರ ಸುಮಾರಿಗೆ ಕೆನರಾದಲ್ಲಿ ಬಿಗಿ ನಿರ್ಬಂಧ ಬಿತ್ತು. 1882ರಲ್ಲಿ ಎರಡು ಕಾಯ್ದೆಗಳು ಜಾರಿಯಾದವು. ಒಂದು ಮದರಾಸು ಅರಣ್ಯ ಕಾಯ್ದೆ. ಅದು ಮೀಸಲು ಅರಣ್ಯ ಎಂದು ಗುರುತಿಸಿದ ಜಾಗದಲ್ಲಿ ಜನರ ದಾರಿ, ನೀರು, ಮೇವಿನ ಹಕ್ಕುಗಳನ್ನು ವಿಚಾರಣೆಗೆ ಒಳಪಡಿಸಿತು. ಇನ್ನೊಂದು ಈಸ್‌ಮೆಂಟ್ ಕಾಯ್ದೆ. ಇನ್ನೊಬ್ಬರ ಜಮೀನಿನ ಮೇಲೆ ಬಹುಕಾಲ ನಡೆದು ಬಂದವನಿಗೆ ದಾರಿಯ ಹಕ್ಕಿದೆ ಎಂದು ಅದು ಒಪ್ಪಿತು. ಅಂಚಿನ ದಾರಿಯ ಬಗ್ಗೆ ಇವತ್ತಿಗೂ ಅಣ್ಣ ತಮ್ಮಂದಿರು, ನೆರೆಹೊರೆಯವರು ಕೋರ್ಟು ಹತ್ತುವಾಗ ಮಾತು ಬಂದು ನಿಲ್ಲುವುದು ಆ ಕಾಯ್ದೆಯ ಬಳಿಯೇ. ಕಾಲುದಾರಿಯನ್ನು ಸರ್ಕಾರ ನೋಡಿದ್ದು ಹೀಗೆ: ಕಾಡಿನಲ್ಲಾದರೆ ಅರಣ್ಯದ ಪ್ರಶ್ನೆಯಾಗಿ, ಗದ್ದೆಯಲ್ಲಾದರೆ ಖಾಸಗಿ ತಕರಾರಾಗಿ. ಸಾರ್ವಜನಿಕ ಸಾರಿಗೆಯ ಭಾಗವೆಂದು ಅದನ್ನು ಯಾರೂ ಎಣಿಸಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಬಂತು. ಮಂಗಳೂರಿನಲ್ಲಿ 1914ರಲ್ಲಿ ಆರಂಭವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ದಕ್ಷಿಣ ಭಾರತದ ಆರಂಭದ ಬಸ್ಸು ಕಂಪನಿಗಳಲ್ಲಿ ಒಂದು. ಖಾಸಗಿ ಬಸ್ಸುಗಳೇ ಊರೂರನ್ನು ಜೋಡಿಸುವ ಕರಾವಳಿಯ ರೂಢಿಯ ಬೇರು ಅಲ್ಲಿದೆ. ಹೊಳೆಗಳಿಗೆ ಸೇತುವೆಯಿಲ್ಲದ ಕಾಲದಲ್ಲಿ ಪ್ರಯಾಣಿಕರು ಕಡವಿನಲ್ಲಿ ಇಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯುತ್ತಿದ್ದರು. ಸೇತುವೆಗಳು ಬಂದು ಕರಾವಳಿಯ ಹೆದ್ದಾರಿ ಅಖಂಡವಾಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಇವೆಲ್ಲ ಉತ್ತರ ದಕ್ಷಿಣವಾಗಿ ಹರಿದ ದಾರಿಗಳು. ಘಟ್ಟದ ಬುಡದಲ್ಲಿ ದೊಡ್ಡ ಕೆಲಸ ನಡೆದದ್ದು ವಿದ್ಯುತ್ತಿಗಾಗಿ. ವಾರಾಹಿ ನೀರನ್ನು ಮಾಣಿ ಅಣೆಕಟ್ಟಿನಲ್ಲಿ ತಡೆದು ಹೊಸಂಗಡಿಯ ನೆಲದಡಿಯ ವಿದ್ಯುದಾಗಾರಕ್ಕೆ ಇಳಿಸಲಾಯಿತು. 1989ರಲ್ಲಿ ಉತ್ಪಾದನೆ ಶುರುವಾಗಿ ಈಗ ಅದರ ಸಾಮರ್ಥ್ಯ 460 ಮೆಗಾವಾಟ್.

ಈ ಹೊತ್ತಿಗೆ ದೇಶದಲ್ಲಿ ಗ್ರಾಮೀಣ ರಸ್ತೆಗೆ ಒಂದು ಅಳತೆಗೋಲು ಸಿದ್ಧವಾಗಿತ್ತು. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು, ಬೇಸಾಯ ಬೆಳೆದ ಪ್ರದೇಶದ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರ ಇರಬಾರದು ಎಂಬ ಗುರಿಯನ್ನು ಇಟ್ಟರು. 1933ರಲ್ಲಿ ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್ ದಕ್ಷಿಣ ಜರ್ಮನಿಯ ಪೇಟೆಗಳನ್ನು ನೋಡಿ ಕೇಂದ್ರ ಮತ್ತು ಸುತ್ತಲ ಹಳ್ಳಿಗಳ ಒಂದು ಸಿದ್ಧಾಂತ ಕಟ್ಟಿದ್ದ. ಅದರ ನೆರಳಿನಲ್ಲೇ 1971ರಲ್ಲಿ ತೆಲಂಗಾಣದ ಮಿರ್ಯಾಲಗೂಡ ತಾಲ್ಲೂಕನ್ನು ಆರಿಸಿಕೊಂಡು ಗ್ರಾಮೀಣ ಕೇಂದ್ರಗಳ ಯೋಜನೆಯ ಪ್ರಸಿದ್ಧ ಅಧ್ಯಯನ ನಡೆಯಿತು. ಇವೆಲ್ಲದರಲ್ಲೂ ಹಳ್ಳಿ ಎಂದರೆ ನಕ್ಷೆಯ ಮೇಲಿನ ಒಂದು ಚುಕ್ಕಿ. ಮಿರ್ಯಾಲಗೂಡದ ಹಳ್ಳಿಗೆ ಚುಕ್ಕಿ ಇಡಬಹುದು. ಅಮಾಸೆಬೈಲಿಗೆ ಎಲ್ಲಿ ಇಡುವುದು? ಪೇಟೆಯಲ್ಲಿ ಇಟ್ಟರೆ ರಸ್ತೆ ಊರಿಗೆ ತಲುಪಿದೆ. ಕಾಡಂಚಿನ ಕೊನೆಯ ಮನೆಯಲ್ಲಿ ಇಟ್ಟರೆ ಇನ್ನೂ ತಲುಪಿಲ್ಲ.

2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಈ ತೊಡಕನ್ನು ಸ್ವಲ್ಪ ಗುರುತಿಸಿತು. ಅದು ಕಂದಾಯ ಗ್ರಾಮವನ್ನು ಬಿಟ್ಟು ‘ಜನವಸತಿ’ಯನ್ನು ಲೆಕ್ಕಕ್ಕೆ ಹಿಡಿಯಿತು. ಬಯಲು ಪ್ರದೇಶದಲ್ಲಿ 500 ಜನ, ಗುಡ್ಡಗಾಡು ರಾಜ್ಯ, ಮರುಭೂಮಿ, ಬುಡಕಟ್ಟು ಪ್ರದೇಶಗಳಲ್ಲಿ 250 ಜನ ಇರುವ ವಸತಿಗೆ ಸರ್ವಋತು ರಸ್ತೆ. ಐನೂರು ಮೀಟರ್ ಒಳಗಿನ ವಸತಿಗಳನ್ನು ಒಟ್ಟು ಸೇರಿಸಿ ಎಣಿಸಲೂ ಅವಕಾಶ ಇತ್ತು. ಆದರೂ ಒಂದು ಬೈಲಿನಲ್ಲಿ ಆರು ಮನೆ, ನಡುವೆ ಹಾಡಿ, ಆಮೇಲೆ ಹೊಳೆ, ಅದರಾಚೆ ನಾಲ್ಕು ಮನೆ ಎಂಬ ನೆಲಕ್ಕೆ ಈ ಅಳತೆ ಸುಲಭವಾಗಿ ಹೊಂದುವುದಿಲ್ಲ. ಅಂಥ ಬೈಲು ಯಾವ ಪಟ್ಟಿಯಲ್ಲೂ ‘ವಸತಿ’ಯಾಗುವುದಿಲ್ಲ. ಅದರ ಪಾಲಿಗೆ ಉಳಿಯುವುದು ಕಾಲುಸಂಕ.

ಕಾಲುಸಂಕ ಎಂದರೆ ಎರಡು ಮೂರು ಅಡಿಕೆ ಮರದ ದಬ್ಬೆ ಅಥವಾ ಯಾವುದೋ ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬಳ್ಳಿ ಅಥವಾ ಬಿದಿರು. ಬೇಸಿಗೆಯಲ್ಲಿ ಅದರ ಅಗತ್ಯವೇ ಇಲ್ಲ, ತೋಡನ್ನು ಇಳಿದು ದಾಟಬಹುದು. ಮಳೆಗಾಲದಲ್ಲಿ ಅದಿಲ್ಲದೆ ಶಾಲೆಯಿಲ್ಲ, ಡೈರಿಗೆ ಹಾಲಿಲ್ಲ, ಆಸ್ಪತ್ರೆಯಿಲ್ಲ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಇಂಥ ಸಂಕದಿಂದ ಜಾರಿ ತುಂಬಿ ಹರಿಯುತ್ತಿದ್ದ ನೀರಿಗೆ ಬಿದ್ದು ತೀರಿಕೊಂಡಳು. ಆಗ ಕಾಲುಸಂಕಗಳ ಸುದ್ದಿ ಕೆಲವು ವಾರ ಪತ್ರಿಕೆಗಳಲ್ಲಿ ಇತ್ತು. ಅದು ಎಂಜಿನಿಯರಿಂಗ್ ಸಮಸ್ಯೆ ಎಂಬಂತೆ ಚರ್ಚೆಯಾಯಿತು. ನನಗೆ ಅದು ಎಣಿಕೆಯ ಸಮಸ್ಯೆಯಾಗಿಯೂ ಕಾಣುತ್ತದೆ. ನೂರೈವತ್ತು ವರ್ಷ ಲೆಕ್ಕಕ್ಕೆ ಹಿಡಿಯದ ದಾರಿಯ ಮೇಲೆ ಆ ಮಗು ನಡೆಯುತ್ತಿತ್ತು.

ಎಣಿಸುವ ಕ್ರಮವನ್ನು ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮಾಸೆಬೈಲಿನಲ್ಲೇ ಒಂದು ಉದಾಹರಣೆ ಇದೆ. ಅಮಾಸೆಬೈಲು, ಮಚ್ಚಟ್ಟು, ರಟ್ಟಾಡಿ ಗ್ರಾಮಗಳು ಸೇರಿದ ಈ ಪಂಚಾಯಿತಿಯಲ್ಲಿ ಮಾಜಿ ಶಾಸಕ ಎ.ಜಿ. ಕೊಡ್ಗಿಯವರ ಮುಂದಾಳತ್ವದಲ್ಲಿ ಸೌರದೀಪ ಯೋಜನೆ ನಡೆಯಿತು. ಅವರು ರಾಜ್ಯದ ಮೂರನೇ ಹಣಕಾಸು ಆಯೋಗದ ಅಧ್ಯಕ್ಷರಾಗಿ ಸ್ಥಳೀಯ ಸಂಸ್ಥೆಗಳ ಹಣದ ಲೆಕ್ಕವನ್ನು ಹತ್ತಿರದಿಂದ ನೋಡಿದ್ದವರು. ಸೌರ ಯೋಜನೆ ಬೈಲು ಬೈಲು ಹೊಕ್ಕು ಮನೆಯನ್ನು ಎಣಿಸಿತು. ಕೊನೆಯ ಮನೆಗೂ ದೀಪ ಮುಟ್ಟಿದರೆ ಮಾತ್ರ ‘ಸೌರಗ್ರಾಮ’ ಎಂಬ ಹೆಸರಿಗೆ ಅರ್ಥ. ಕಂಬದಿಂದ ದೂರ ಇದೆ ಎಂಬ ನೆಪ ಅಲ್ಲಿ ನಡೆಯುವಂತಿರಲಿಲ್ಲ. ರಸ್ತೆಯನ್ನು ಹೀಗೆ ಹೊತ್ತುಕೊಂಡು ಹೋಗಿ ಮನೆಯಲ್ಲಿ ಇಡಲು ಬರುವುದಿಲ್ಲ, ನಿಜ. ಆದರೆ ಮನೆಯಿಂದ ಲೆಕ್ಕ ಶುರು ಮಾಡಲು ಬರುತ್ತದೆ.

ಪ್ರತಿ ಮನೆಗೂ ಡಾಂಬರು ಹಾಕಿ ಎಂದು ಇದರ ಅರ್ಥವಲ್ಲ. ಸೋಮೇಶ್ವರ, ಮೂಕಾಂಬಿಕಾ ವನ್ಯಧಾಮಗಳ ಸೆರಗಿನ ನೆಲ ಇದು. 2013ರ ಕಸ್ತೂರಿರಂಗನ್ ವರದಿಯ ಬಳಿಕ ಬಂದ ಕರಡು ಅಧಿಸೂಚನೆಗಳು ಈ ಜಿಲ್ಲೆಯ ಘಟ್ಟದ ಬುಡದ ಹಲವು ಗ್ರಾಮಗಳನ್ನೂ ಪರಿಸರ ಸೂಕ್ಷ್ಮ ಪ್ರದೇಶವೆಂದು ಪಟ್ಟಿ ಮಾಡಿವೆ. ಅಲ್ಲಿಯೂ ಘಟಕ ಮತ್ತೆ ಕಂದಾಯ ಗ್ರಾಮವೇ. ಒಂದೇ ಗ್ರಾಮದೊಳಗಿನ ದಟ್ಟ ಕಾಡಿಗೂ ಬೈಲಿನ ಗದ್ದೆಗೂ ಒಂದೇ ಬಣ್ಣ. ರಸ್ತೆ ಬೇಕೆನ್ನುವವರು, ಕಾಡು ಉಳಿಯಬೇಕೆನ್ನುವವರು ಇಬ್ಬರೂ ಒಂದೇ ತಪ್ಪು ನಕ್ಷೆಯನ್ನು ಹಿಡಿದು ಜಗಳವಾಡುತ್ತಿದ್ದಾರೆ. ಬೈಲನ್ನು ಘಟಕವಾಗಿ ತೆಗೆದುಕೊಂಡರೆ, ಅಗಲ ರಸ್ತೆ ಎಲ್ಲಿ ಬೇಡ, ಗಟ್ಟಿ ಸಂಕ ಎಲ್ಲಿ ಸಾಕು ಎಂಬುದನ್ನು ಇಬ್ಬರೂ ಕೂತು ಮಾತಾಡಬಹುದು. 2006ರ ಅರಣ್ಯ ಹಕ್ಕು ಕಾಯ್ದೆ ರಸ್ತೆ, ಶಾಲೆ ಮುಂತಾದ ಹದಿಮೂರು ಬಗೆಯ ಸೌಲಭ್ಯಗಳಿಗೆ, ಗ್ರಾಮಸಭೆಯ ಶಿಫಾರಸಿನ ಮೇಲೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಳಸಲು ದಾರಿ ಮಾಡಿಕೊಟ್ಟಿದೆ. ಸಂಕಕ್ಕೆ ಅಷ್ಟೂ ಬೇಡ.

ಚರಿತ್ರೆ, ಭೂಗೋಳ, ಸಮಾಜಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸ ಬಹಳ ಇದೆ. ಹಳೆಯ ಅಡಂಗಲ್ ಮತ್ತು ಸರ್ವೆ ನಕ್ಷೆಗಳಲ್ಲಿ ಗುರುತಾದ ಕಾಲುದಾರಿಗಳಲ್ಲಿ ಇವತ್ತು ಎಷ್ಟು ಉಳಿದಿವೆ? ಬೈಲಿನ ಗದ್ದೆ ಅಡಿಕೆ ತೋಟವಾದಾಗ, ಬೆಟ್ಟು ರಬ್ಬರಾದಾಗ, ಬೇಲಿ ಬಂದು ಯಾವ ದಾರಿ ಮುಚ್ಚಿತು? ಮಕ್ಕಳಿಲ್ಲದೆ ಶಾಲೆ ಮುಚ್ಚಿದ ಮೇಲೆ ಉಳಿದ ಒಂದಿಬ್ಬರು ಮಕ್ಕಳು ದಾಟುವ ಸಂಕಗಳ ಸಂಖ್ಯೆ ಹೆಚ್ಚಿತೇ? ಸಂಜೆಯ ಕೊನೆಯ ಬಸ್ಸು ನಿಂತರೆ ಯಾವ ಬೈಲಿನ ಹುಡುಗಿಯರು ಕಾಲೇಜು ಬಿಡುತ್ತಾರೆ? ಇವಕ್ಕೆ ಉತ್ತರ ರಾಜಧಾನಿಯ ದಫ್ತರಿನಲ್ಲಿಲ್ಲ. ಕುಂದಾಪುರದ ಕಂದಾಯ ದಾಖಲೆಯನ್ನು ಒಂದು ಕೈಯಲ್ಲಿ ಹಿಡಿದು, ಆಷಾಢದ ಮಳೆಯಲ್ಲಿ ಬೈಲಿಂದ ಬೈಲಿಗೆ ನಡೆದೇ ಪಡೆಯಬೇಕು. ಮೊದಲ ಕೆಲಸವಾಗಿ ಒಂದು ಪಂಚಾಯಿತಿಯ ಎಲ್ಲ ಕಾಲುಸಂಕಗಳ ಪಟ್ಟಿ ಮಾಡಿದರೂ ಸಾಕು: ಎಲ್ಲಿದೆ, ಯಾರು ಹಾಕಿದರು, ಎಷ್ಟು ಮನೆ ದಾಟುತ್ತವೆ, ನೀರು ಎಷ್ಟು ಏರುತ್ತದೆ. ಮುಂದಿನ ಮಳೆಗಾಲದ ಮೊದಲು ಅದನ್ನು ಗ್ರಾಮಸಭೆಯ ಮುಂದೆ ಇಡಬಹುದು.