ಅತಿಮಾನವನೂ ಆತನ ಜನಕರೂ

ಬಾಲಕರ ವಿನೋದಕ್ಕಾಗಿ ಅಚ್ಚಾಗುವ ಅಗ್ಗದ ಚಿತ್ರಕಥೆಗಳನ್ನು ವಿದ್ವಜ್ಜನರು ವಿಮರ್ಶೆಗೆ ಅರ್ಹವೆಂದೆಣಿಸುವುದು ಅಪೂರ್ವ. ಓದಿ ಎಸೆಯತಕ್ಕ ಕಾಗದಕ್ಕೆ ಚರಿತ್ರೆಯೇಕೆಂಬುದೇ ಲೋಕದ ಅಭಿಪ್ರಾಯ. ಆದರೆ ಅಮೆರಿಕಾ ದೇಶದಲ್ಲಿ 1938ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಮಾರಾಟಕ್ಕೆ ಬಂದ ‘ಆಕ್ಷನ್ ಕಾಮಿಕ್ಸ್’ ಎಂಬ ಮಾಸಪತ್ರಿಕೆಯ ಮೊದಲನೆಯ ಸಂಚಿಕೆಯು ಈ ಮಾತಿಗೆ ಅಪವಾದವಾಗಿದೆ. ಹತ್ತು ಸೆಂಟು ಬೆಲೆಯ ಆ ಸಂಚಿಕೆಯ ಒಂದು ಪ್ರತಿಯು 2024ರಲ್ಲಿ ಅರುವತ್ತು ಲಕ್ಷ ಡಾಲರುಗಳಿಗೆ ಹರಾಜಾಯಿತು. ‘ಸೂಪರ್‌ಮ್ಯಾನ್’ ಎಂಬ ಅತಿಮಾನವನು ಲೋಕಕ್ಕೆ ಮೊದಲು ಕಾಣಿಸಿಕೊಂಡದ್ದು ಅದರಲ್ಲಿಯೇ. ಆ ಸಂಚಿಕೆಯಲ್ಲಿ ಏನಿದ್ದಿತು, ಅದನ್ನು ರಚಿಸಿದವರಿಗೆ ಏನು ದಕ್ಕಿತು ಎಂಬ ಎರಡು ಪ್ರಶ್ನೆಗಳನ್ನು ಜತೆಗೂಡಿಸಿ ವಿಚಾರಿಸುವುದು ಯುಕ್ತವಾಗಿದೆ.

ಕಥೆಯನ್ನು ಬರೆದವನು ಜೆರ್ರಿ ಸೀಗೆಲ್. ಚಿತ್ರಗಳನ್ನು ಬಿಡಿಸಿದವನು ಜೋ ಶುಸ್ಟರ್. ಇಬ್ಬರೂ 1914ರಲ್ಲಿ ಹುಟ್ಟಿದವರು. ಯುರೋಪಿನಿಂದ ವಲಸೆ ಬಂದ ಯೆಹೂದ್ಯ ಕುಟುಂಬಗಳ ಮಕ್ಕಳು. ಕ್ಲೀವ್‌ಲೆಂಡ್ ನಗರದ ಗ್ಲೆನ್‌ವಿಲ್ ಪ್ರೌಢಶಾಲೆಯಲ್ಲಿ ಸಹಪಾಠಿಗಳು. ಶುಸ್ಟರನ ತಂದೆಯು ದರ್ಜಿ. ಸೀಗೆಲನ ತಂದೆಗೆ ಬಟ್ಟೆಯ ಅಂಗಡಿಯಿದ್ದಿತು. 1932ರಲ್ಲಿ ಕಳ್ಳರು ಆ ಅಂಗಡಿಗೆ ನುಗ್ಗಿದಾಗ ಹಿರಿಯ ಸೀಗೆಲನು ಹೃದಯಾಘಾತದಿಂದ ಮಡಿದನು. ಗುಂಡು ತಾಗದ ವೀರನ ಕಲ್ಪನೆಯು ಈ ದುಃಖದಿಂದಲೇ ಹುಟ್ಟಿತೆಂದು ಕೆಲವರು ತರ್ಕಿಸುವರು. ಆದರೆ ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಕಾರ್ಯಕಾರಣಭಾವವು ಸಿದ್ಧಿಸಲಾರದು. 1933ರಲ್ಲಿ ಈ ತರುಣರು ತಾವೇ ಹೊರಡಿಸುತ್ತಿದ್ದ ಪುಟ್ಟ ಪತ್ರಿಕೆಯಲ್ಲಿ ಸೂಪರ್‌ಮ್ಯಾನ್ ಎಂಬ ಹೆಸರು ಮೊದಲು ಬಂದಾಗ ಅದು ಒಬ್ಬ ದುಷ್ಟನ ಹೆಸರಾಗಿದ್ದಿತೆಂಬುದನ್ನೂ ಗಮನಿಸಬೇಕು. ಬಳಿಕ ಅವರು ಹೆಸರನ್ನು ಉಳಿಸಿಕೊಂಡು ಸ್ವಭಾವವನ್ನು ಬದಲಿಸಿದರು. ವೃತ್ತಪತ್ರಿಕೆಗಳಿಗೆ ಚಿತ್ರಕಥೆಗಳನ್ನು ಒದಗಿಸುವ ಸಂಸ್ಥೆಗಳು ಹಲವು ವರ್ಷ ಅದನ್ನು ನಿರಾಕರಿಸುತ್ತಲೇ ಬಂದವು.

ಇನ್ನು ಕಥೆಯ ವಿಚಾರ. ಹದಿಮೂರು ಪುಟಗಳಲ್ಲಿ ಮೊದಲನೆಯ ಪುಟವೊಂದರಲ್ಲಿಯೇ ನಾಯಕನ ಜನ್ಮವೃತ್ತಾಂತವೆಲ್ಲ ಮುಗಿಯುತ್ತದೆ. ದೂರದ ಗ್ರಹವೊಂದು ಮುಪ್ಪಿನಿಂದ ನಾಶವಾಗುತ್ತಿರಲು, ವಿಜ್ಞಾನಿಯೊಬ್ಬನು ತನ್ನ ಹಸುಗೂಸನ್ನು ವಿಮಾನದಲ್ಲಿಟ್ಟು ಭೂಮಿಗೆ ಕಳುಹಿಸುವನು. ದಾರಿಹೋಕನೊಬ್ಬನು ಅದನ್ನು ಕಂಡು ಅನಾಥಾಲಯಕ್ಕೆ ಒಪ್ಪಿಸುವನು. ಪೆಟ್ಟಿಗೆಯಲ್ಲಿ ತೇಲಿಬಂದ ಕರ್ಣನ ಕಥೆಯನ್ನು ಬಲ್ಲ ವಾಚಕರಿಗೆ ಇದು ತೀರ ಅಪರಿಚಿತವೆನಿಸದು. ಆತನ ಬಲವನ್ನು ಸಮರ್ಥಿಸಲು ಲೇಖಕನು ಹಿಡಿದ ಮಾರ್ಗವು ಸ್ವಾರಸ್ಯವಾಗಿದೆ: ಇರುವೆಯು ತನ್ನ ತೂಕದ ನೂರಾರು ಪಾಲನ್ನು ಹೊರುವುದಿಲ್ಲವೆ, ಮಿಡತೆಯು ತನ್ನ ಗಾತ್ರಕ್ಕೆ ಮಿಗಿಲಾದ ದೂರ ನೆಗೆಯುವುದಿಲ್ಲವೆ ಎಂಬ ದೃಷ್ಟಾಂತಗಳನ್ನು ಕೊಟ್ಟಿರುವನು. ಆ ಸಂಚಿಕೆಯ ವೀರನು ಹಾರಲಾರನು. ಮೈಲಿಯ ಎಂಟನೆಯ ಒಂದು ಪಾಲು ನೆಗೆಯಬಲ್ಲನು, ಅಷ್ಟೇ.

ಇಷ್ಟು ಬಲವಿದ್ದವನು ಯಾರೊಡನೆ ಹೋರಾಡಿದನು? ರಾಕ್ಷಸರೊಡನಲ್ಲ. ತಪ್ಪು ಮಾಡದೆ ಮರಣದಂಡನೆಗೆ ಗುರಿಯಾದ ಹೆಂಗಸೊಬ್ಬಳನ್ನು ಉಳಿಸಲು ಆತನು ನಡುರಾತ್ರಿಯಲ್ಲಿ ಗವರ್ನರನ ಮನೆಯ ಉಕ್ಕಿನ ಬಾಗಿಲನ್ನು ಮುರಿಯುವನು. ಹೆಂಡತಿಯನ್ನು ಹೊಡೆಯುತ್ತಿದ್ದ ಗಂಡನನ್ನು ಗೋಡೆಗೆ ಅಪ್ಪಳಿಸುವನು. ಶಾಸನಸಭೆಯ ಸದಸ್ಯನನ್ನು ಒಳಗೆ ಹಾಕಿಕೊಂಡ ದಲ್ಲಾಳಿಯನ್ನು ಎತ್ತಿಕೊಂಡು ನೆಗೆದು ಹೆದರಿಸುವನು. ಎರಡನೆಯ ಸಂಚಿಕೆಯಲ್ಲಿ, ಯುದ್ಧದಿಂದ ಲಾಭ ಪಡೆಯುವ ಆಯುಧವ್ಯಾಪಾರಿಯನ್ನೇ ರಣರಂಗಕ್ಕೆ ಎಳೆದೊಯ್ಯುವನು. 1929ರಲ್ಲಿ ಮೊದಲಾದ ಆರ್ಥಿಕ ಮುಗ್ಗಟ್ಟಿನಲ್ಲಿ ನೊಂದ ಜನರಿಗೆ ಈ ಶತ್ರುಗಳು ಚಿರಪರಿಚಿತರು. ಕಥೆಯು ನಡುವಿನಲ್ಲಿ ಥಟ್ಟನೆ ಆರಂಭವಾಗುವುದು, ಚಿತ್ರಗಳಲ್ಲಿ ಆತುರದ ಗುರುತುಗಳಿರುವುದು ದೋಷಗಳೇ ಸರಿ. ವೃತ್ತಪತ್ರಿಕೆಗೆಂದು ಸಾಲುಸಾಲಾಗಿ ಬರೆದುದನ್ನು ಕತ್ತರಿಸಿ ಪುಟಕ್ಕೆ ಅಂಟಿಸಿದುದರ ಫಲವದು. ಆದರೂ ದುರ್ಬಲನ ಪರವಾಗಿ ಬಲವು ನಿಲ್ಲಬೇಕೆಂಬ ಒಂದೇ ಅಭಿಪ್ರಾಯವು ಆದ್ಯಂತವಾಗಿ ಹರಿದಿರುವುದರಿಂದ ಈ ದೋಷಗಳು ಓದುವವನನ್ನು ತಡೆಯವು.

ಈಗ ಎರಡನೆಯ ಪ್ರಶ್ನೆ. ಪುಟಕ್ಕೆ ಹತ್ತು ಡಾಲರಿನಂತೆ ಹದಿಮೂರು ಪುಟಗಳಿಗೆ 130 ಡಾಲರುಗಳನ್ನು ಕೊಟ್ಟು, ಸೂಪರ್‌ಮ್ಯಾನನ ಸಕಲ ಹಕ್ಕುಗಳನ್ನೂ ಪ್ರಕಾಶಕರು 1938ರ ಮಾರ್ಚಿಯಲ್ಲಿ ಬರೆಯಿಸಿಕೊಂಡರು. ಇತರ ಕೆಲಸಗಳ ಸಂಭಾವನೆಯೂ ಸೇರಿ ಬಂದ 412 ಡಾಲರುಗಳ ಚೆಕ್ಕಿನಲ್ಲಿ ಇಬ್ಬರ ಹೆಸರುಗಳೂ ತಪ್ಪಾಗಿ ಬರೆಯಲ್ಪಟ್ಟಿದ್ದವು. ಆ ಚೆಕ್ಕೇ 2012ರಲ್ಲಿ ಒಂದು ಲಕ್ಷ ಅರುವತ್ತು ಸಾವಿರ ಡಾಲರುಗಳಿಗೆ ಮಾರಾಟವಾಯಿತು.

ಇಲ್ಲಿ ಪೂರ್ವಪಕ್ಷವನ್ನೂ ಹೇಳಬೇಕು. ಒಪ್ಪಂದಕ್ಕೆ ಸಹಿ ಹಾಕಿದವರು ಅವರೇ. ಮುಂದಿನ ಹತ್ತು ವರ್ಷ ಅವರಿಗೆ ಒಳ್ಳೆಯ ಸಂಪಾದನೆಯೇ ಇದ್ದಿತು. ಹಣ ಹೂಡಿ ನಷ್ಟದ ಭಯವನ್ನು ಹೊತ್ತವರು ಪ್ರಕಾಶಕರು. ನ್ಯಾಯಾಲಯಗಳು ಈ ವಾದವನ್ನೇ ಬಹುಮಟ್ಟಿಗೆ ಎತ್ತಿಹಿಡಿದವು. 1947ರಲ್ಲಿ ಹೂಡಿದ ವ್ಯಾಜ್ಯವು ಮರುವರ್ಷ ಸುಮಾರು 94 ಸಾವಿರ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಕೆಲಸ ಹೋಯಿತು, ಕಥೆಗಳ ತಲೆಯಲ್ಲಿದ್ದ ಇಬ್ಬರ ಹೆಸರುಗಳೂ ಅಳಿದವು. 1959ರಿಂದ ಕೆಲವು ವರ್ಷ ಸೀಗೆಲನು ತಾನು ಸೃಷ್ಟಿಸಿದ ವೀರನ ಕಥೆಗಳನ್ನೇ ಹೆಸರಿಲ್ಲದೆ ಕೂಲಿಗೆ ಬರೆದನು. ಎರಡನೆಯ ವ್ಯಾಜ್ಯವೂ 1974ರಲ್ಲಿ ಸೋತಿತು. ಶುಸ್ಟರನ ಕಣ್ಣುಗಳು ಆ ವೇಳೆಗೆ ಬಹುವಾಗಿ ಮಂದವಾಗಿದ್ದವು.

ಕಡೆಗೆ ನೆರವಾದುದು ಶಾಸನವಲ್ಲ, ಲಜ್ಜೆ. ಸೂಪರ್‌ಮ್ಯಾನನ ಮಹಾಚಲಚ್ಚಿತ್ರವೊಂದು ಸಿದ್ಧವಾಗುವುದೆಂಬ ಸುದ್ದಿ ಹಬ್ಬಿದಾಗ, 1975ರಲ್ಲಿ ಸೀಗೆಲನು ಪತ್ರಿಕೆಗಳಿಗೆ ತನ್ನ ಅಳಲನ್ನು ಬರೆದು ಕಳುಹಿಸಿದನು. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಮೊದಲಾದ ಚಿತ್ರಕಾರರು ಅವರ ಪಕ್ಷ ವಹಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಒಡೆಯರು ತಲೆಗೆ ವರ್ಷಕ್ಕೆ 20 ಸಾವಿರ ಡಾಲರುಗಳ ವೇತನವನ್ನು ಕೊಡಲೊಪ್ಪಿದರು. ಸೃಷ್ಟಿಕರ್ತರೆಂದು ಅವರ ಹೆಸರುಗಳನ್ನು ಮತ್ತೆ ಅಚ್ಚುಮಾಡಲೂ ಒಪ್ಪಿದರು.

ವೇತನವು ಅಲ್ಪವೇ, ಉಚಿತವೇ ಎಂಬುದರಲ್ಲಿ ಮತಭೇದವಿರಬಹುದು. ಹಣವನ್ನು ಕೊಟ್ಟು ಕೃತಿಯನ್ನು ಕೊಳ್ಳಬಹುದು. ಕರ್ತೃತ್ವವನ್ನು ಕೊಳ್ಳಲಾಗದು, ಏಕೆಂದರೆ ಅದು ಹಿಂದೆ ನಡೆದ ಸಂಗತಿ. ಕವಿಯ ಅಂಕಿತವನ್ನು ಅಳಿಸಿದರೆ ಆತನ ಧನಕ್ಕೆ ಮಾತ್ರವಲ್ಲ, ಸತ್ಯಕ್ಕೂ ಹಾನಿ. ನಿರಪರಾಧಿಗಾಗಿ ಬಾಗಿಲು ಮುರಿದ ವೀರನನ್ನು ಕಲ್ಪಿಸಿದ ಆ ಇಬ್ಬರಿಗೆ ತಮ್ಮ ಹೆಸರುಗಳನ್ನು ಮರಳಿ ಕಾಣಲು ಇಪ್ಪತ್ತೇಳು ವರ್ಷಗಳಾದವು. ಶುಸ್ಟರನು 1992ರಲ್ಲಿಯೂ ಸೀಗೆಲನು 1996ರಲ್ಲಿಯೂ ತೀರಿಕೊಂಡರು. ಬದುಕಿರುವಾಗಲೇ ಅವರು ಆ ಒಂದು ಸಾಲನ್ನು ಅಚ್ಚಿನಲ್ಲಿ ನೋಡಿದರೆಂಬುದೇ ಈ ವೃತ್ತಾಂತದಲ್ಲಿ ಸಮಾಧಾನದ ಅಂಶವಾಗಿದೆ.