ಅಪ್ಪ ಅಮ್ಮನ ಮೈಯೇ ಊಟ

ವಿಯೆನ್ನಾದ ಮೀನುತಜ್ಞ ಯೋಹಾನ್ ಯಾಕೋಬ್ ಹೆಕೆಲ್ 1840ರಲ್ಲಿ ಡಿಸ್ಕಸ್ ಮೀನಿಗೆ ಶಾಸ್ತ್ರೀಯ ಹೆಸರಿಟ್ಟರು. ಅವರ ಮುಂದಿದ್ದದ್ದು ಯೋಹಾನ್ ನಾಟರರ್ ಬ್ರೆಜಿಲಿನ ರಿಯೊ ನೀಗ್ರೊ ಸೀಮೆಯಲ್ಲಿ ಸಂಗ್ರಹಿಸಿದ್ದ ಮಾದರಿ. ತಟ್ಟೆಯಂಥ ಮೈ, ಅದರ ಮೇಲೆ ಒಂಬತ್ತು ಲಂಬ ಪಟ್ಟಿ. ನಡುವಿನ ಪಟ್ಟಿ ಢಾಳಾಗಿ ಅಗಲ. ಅವರ ಹೆಸರನ್ನೇ ಹೊತ್ತ ಹೆಕೆಲ್ ಡಿಸ್ಕಸ್ಸನ್ನು ಇಂದಿಗೂ ಗುರುತಿಸುವುದು ಅದರಿಂದಲೇ.

ಈ ಮೀನು ಹವ್ಯಾಸಿಗಳ ಗಾಜಿನ ತೊಟ್ಟಿಗೆ ಬಂದದ್ದು 1930ರ ದಶಕದಲ್ಲಿ. ಸಾಕುವುದೇನೋ ಸಾಧ್ಯವಾಯಿತು, ಮರಿಗಳನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಬೇರೆ ಮೀನುಗಳಂತೆ ಇವನ್ನೂ ಹೆತ್ತವರಿಂದ ಬೇರ್ಪಡಿಸಿದರೆ ಹೆಚ್ಚಾಗಿ ಹಸಿದು ಸಾಯುತ್ತವೆ. ಏಕೆಂದರೆ ಈಜಲು ಕಲಿತ ಮರಿಗೆ ಮೊದಲ ಊಟ ಹೆತ್ತವರ ಚರ್ಮದಿಂದ ಒಸರುವ ಲೋಳೆ. ವಿಜ್ಞಾನಿ ವಿಲಿಯಂ ಹಿಲ್ಡೆಮನ್ 1959ರಲ್ಲಿ ಈ ಪೋಷಣೆಯನ್ನು ಪ್ರಬಂಧವೊಂದರಲ್ಲಿ ವಿವರಿಸಿದರು. ಕಣ್ಣಾರೆ ನೋಡಬೇಕಾದ ದೃಶ್ಯವದು. ಸಾಸಿವೆ ಚೆಲ್ಲಿದಂತೆ ಮರಿಗಳು ತಂದೆಯ ಪಕ್ಕೆಗೆ ಮುತ್ತಿಕೊಂಡಿರುತ್ತವೆ. ತಂದೆ ಮೈ ಕೊಡವಿ ಸರಕ್ಕನೆ ಸರಿದರೆ ಇಡೀ ಹಿಂಡು ತಾಯಿಯ ಮೈಗೆ ಹಾರುತ್ತದೆ.

ಮುಂದೆ ಅಮೆರಿಕದ ಸಾಕಣೆಗಾರ ಜ್ಯಾಕ್ ವ್ಯಾಟ್ಲಿ ಡಿಸ್ಕಸ್ಸಿನ ಹೊಸ ಬಣ್ಣದ ತಳಿಗಳಿಗೆ ಹೆಸರಾದರು. ಮಲೇಷ್ಯಾ, ಥಾಯ್ಲೆಂಡ್‌ಗಳಲ್ಲಿ ಸಾಕಣೆ ದೊಡ್ಡ ಉದ್ಯಮವಾಯಿತು.

ಆದರೆ ಹಲವು ತಳಿಗಳ ಮರಿಗೆ ಬಣ್ಣ ತಡವಾಗಿ ಬರುತ್ತದೆ. ಬೇಗ ಮಾರಲೆಂದು ಹಾರ್ಮೋನ್ ಕೊಟ್ಟು ಮಿರುಗಿಸುವ ಕೆಟ್ಟ ಚಾಳಿಯೂ ಬೆಳೆಯಿತು. ಹಾಗಾಗಿ ಅನುಭವಿಗಳು ಬಣ್ಣಕ್ಕಿಂತ ಮೊದಲು ಕಣ್ಣು ನೋಡುತ್ತಾರೆ. ಮೈಗೆ ಹೋಲಿಸಿದರೆ ಕಣ್ಣು ತೀರಾ ದೊಡ್ಡದಿದ್ದು, ದೇಹ ಉದ್ದುದ್ದವಾಗಿದ್ದರೆ ಆ ಮರಿಯ ಬೆಳವಣಿಗೆ ಕುಂಠಿತವಾಗಿದೆ ಎಂದೇ ಲೆಕ್ಕ. ದುಂಡಗಿನ ಮರಿಯನ್ನು ತಂದವರು ನೀರನ್ನು 28ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪವೇ ತಿನ್ನಿಸಿ, ಉಳಿದ ಆಹಾರವನ್ನು ಆಗಿಂದಾಗ್ಗೆ ಹೀರಿ ತೆಗೆಯುತ್ತಾರೆ.